ಮೇಲಿನಿಂದ ನೋಡಿದ ಮೀನು: ರಾಳದ ಪದರಗಳಲ್ಲಿ ಬರೆದ ಚಿತ್ರಗಳ ಬಗ್ಗೆ

(ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಆಸಕ್ತರ ಎದುರು ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತುಸು ತಿದ್ದಿ ಬರೆದ ರೂಪ ಇದು.)

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚಿದವರು ಇಲ್ಲಿ ಅನೇಕರಿದ್ದೀರಿ. ನೀರು ತಿಳಿಯಾಗಿ, ಬಿಸಿಲು ಚೆನ್ನಾಗಿದ್ದ ದಿನ ಮೊದಲು ಕಣ್ಣಿಗೆ ಬೀಳುವುದು ಎಷ್ಟೋ ಸಲ ಮೀನಲ್ಲ, ನೀರಿನಡಿಯ ಕಲ್ಲಿನ ಮೇಲೆ ಸರಿಯುವ ಅದರ ನೆರಳು. ಮೀನಿನ ಬೆನ್ನು ಹೊಳೆಯ ತಳದ ಬಣ್ಣದೊಂದಿಗೆ ಬೆರೆತುಹೋಗಿರುತ್ತದೆ. ನೆರಳು ಅಲುಗಿದ ಮೇಲೆ, ಅದರ ಮೇಲೆಲ್ಲೋ ಒಂದು ಮೈ ಇರಬೇಕೆಂದು ಕಣ್ಣು ಹುಡುಕತೊಡಗುತ್ತದೆ, ಹುಡುಕಿದ್ದು ಸಿಕ್ಕಾಗ ಮೀನಿಗೂ ನೆಲಕ್ಕೂ ನಡುವೆ ಎಷ್ಟು ನೀರಿದೆ ಎಂಬುದು ಯಾರೂ ಹೇಳಿಕೊಡದೆ ತಿಳಿದುಬಿಡುತ್ತದೆ. ಇಂದು ನಾನು ಮಾತನಾಡಲಿರುವ ಕಲೆ ಈ ಒಂದು ಅನುಭವದ ಮೇಲೆ ನಿಂತಿದೆ. ಪಾರದರ್ಶಕ ರಾಳವನ್ನು ತೆಳುವಾಗಿ ಸುರಿದು, ಅದು ಗಟ್ಟಿಯಾದ ಮೇಲೆ ಅದರ ಮೇಲೆ ಬಣ್ಣದಿಂದ ಬರೆದು, ಮತ್ತೆ ರಾಳ ಸುರಿದು, ಮತ್ತೆ ಬರೆದು, ಹೀಗೆ ಪದರದ ಮೇಲೆ ಪದರ ಏರಿಸಿ ಬಟ್ಟಲೊಳಗೆ ಒಂದು ಮೀನನ್ನು ಕಟ್ಟುವ ಕಲೆ ಇದು. ಇದರ ಚಿತ್ರಗಳನ್ನು ಮೊಬೈಲಿನಲ್ಲಿ ಕಂಡವರು ರಾಳವನ್ನು ಹೊಗಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೊಗಳಿಕೆಯ ಹೆಚ್ಚಿನ ಪಾಲು ನೆರಳಿಗೆ ಸಲ್ಲಬೇಕು. ಅದು ಏಕೆ ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಕೆಲಸ.

ಮೊದಲು ಒಂದು ಗೊಂದಲವನ್ನು ಬದಿಗಿಡೋಣ. ಜಾತ್ರೆಯ ಅಂಗಡಿಗಳಲ್ಲಿ ಚೇಳನ್ನೋ ಜೀರುಂಡೆಯನ್ನೋ ಗಾಜಿನಂಥ ಗಟ್ಟಿಯೊಳಗೆ ಮುಳುಗಿಸಿದ ಕೀಲಿಗೊಂಚಲುಗಳು ಸಿಗುತ್ತವೆ. ಅವುಗಳಲ್ಲಿರುವುದು ನಿಜವಾದ ಜೀವಿಯ ಹೆಣ. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರು 20ನೆಯ ಶತಮಾನದ ಬಹುಭಾಗ ಹುಲಿ ಚಿರತೆಗಳ ಚರ್ಮಕ್ಕೆ ಮೈಕಟ್ಟು ಕೊಟ್ಟು, ಗಾಜಿನ ಕಣ್ಣಿಟ್ಟು ನಿಲ್ಲಿಸಿದರು. ಅಲ್ಲಿಯೂ ಜೀವಂತಿಕೆಗೆ ಮೊದಲು ಒಂದು ಸಾವು ಬೇಕಾಗಿತ್ತು. ರಾಳದ ಚಿತ್ರಕ್ಕೆ ಯಾವ ಪ್ರಾಣಿಯೂ ಸಾಯಬೇಕಿಲ್ಲ, ಯಾಕೆಂದರೆ ಒಳಗೆ ಪ್ರಾಣಿಯೇ ಇಲ್ಲ, ಇರುವುದು ಬಣ್ಣ ಮಾತ್ರ. ಇದಕ್ಕೆ ಹತ್ತಿರದ ಪೂರ್ವಜರನ್ನು ಹುಡುಕುವುದಾದರೆ ನಾನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕೆಲಸ ಮಾಡಿದ ಲಿಯೊಪೋಲ್ಡ್ ಬ್ಲಾಷ್ಕಾ ಮತ್ತು ಅವನ ಮಗ ರುಡಾಲ್ಫ್ ಅವರ ಹೆಸರು ಹೇಳುತ್ತೇನೆ. ಅಂಬಲಿಮೀನು, ಕಡಲಹೂವುಗಳಂಥ ಮೆತ್ತನೆಯ ಜೀವಿಗಳು ಮದ್ಯಸಾರದ ಸೀಸೆಯಲ್ಲಿ ಬಣ್ಣ ಕಳೆದುಕೊಂಡು ಮುದ್ದೆಯಾಗುತ್ತಿದ್ದುದರಿಂದ, ವಸ್ತುಸಂಗ್ರಹಾಲಯಗಳು ಈ ತಂದೆ ಮಗ ಗಾಜಿನಲ್ಲಿ ಮಾಡಿದ ಪ್ರತಿಕೃತಿಗಳನ್ನು ತರಿಸಿಕೊಳ್ಳುತ್ತಿದ್ದವು. ನೀರಿನ ಜೀವಿಯನ್ನು ತೋರಿಸಲು ನೀರಿನಂತೆ ಬೆಳಕನ್ನು ಬಿಟ್ಟುಕೊಡುವ ವಸ್ತುವೇ ಬೇಕೆಂಬ ತಿಳಿವು ಅಲ್ಲಿಯೇ ಇತ್ತು. ಆದರೆ ಅವರು ಜೀವಿಯನ್ನು ಗಾಜಿನಲ್ಲಿ ಮಾಡಿದರು. ಪದರಗಳ ಕಲೆಯಲ್ಲಿ ಪಾರದರ್ಶಕವಾದದ್ದು ಜೀವಿಯಲ್ಲ, ಅದರ ಸುತ್ತಲಿನ ನೀರು.

ಈ ಬಗೆಯನ್ನು ಇಂದು ನಾವು ಕಾಣುವ ರೂಪಕ್ಕೆ ತಂದವರು ಜಪಾನಿನ ರಿಯೂಸುಕೆ ಫುಕಾಹೊರಿ. 1973ರಲ್ಲಿ ನಗೋಯದಲ್ಲಿ ಹುಟ್ಟಿದ ಅವರು ಐಚಿ ಪ್ರಾಂತ್ಯದ ಕಲಾ ವಿಶ್ವವಿದ್ಯಾಲಯದಲ್ಲಿ ಓದಿ 1995ರಲ್ಲಿ ಪದವಿ ಪಡೆದರು. ಕಲಾವಿದನಾಗಿ ತನ್ನ ದಾರಿ ಯಾವುದೆಂದು ತೋಚದೆ, 2000ದಲ್ಲಿ ಎಲ್ಲವನ್ನೂ ಬಿಟ್ಟುಬಿಡಲು ಮನಸ್ಸು ಮಾಡಿದ್ದ ಹೊತ್ತಿಗೆ, ಏಳು ವರ್ಷಗಳಿಂದ ಕೋಣೆಯ ಮೂಲೆಯಲ್ಲಿ ಅಷ್ಟೇನೂ ಆರೈಕೆಯಿಲ್ಲದೆ ಬದುಕಿಕೊಂಡಿದ್ದ ಒಂದು ಚಿನ್ನದ ಮೀನಿನ ತೊಟ್ಟಿಯ ಮುಚ್ಚಳ ತೆಗೆದು ಮೇಲಿನಿಂದ ಬಗ್ಗಿ ನೋಡಿದರು. ಕೊಳಕು ನೀರಿನೊಳಗೆ ಕೆಂಪಗೆ ಹೊಳೆಯುತ್ತಿದ್ದ ಅದರ ಬೆನ್ನು ಅವರನ್ನು ಹಿಡಿದು ನಿಲ್ಲಿಸಿತು. ಅಂದಿನಿಂದ ಅವರು ಚಿನ್ನದ ಮೀನನ್ನೇ ಬರೆಯುತ್ತಿದ್ದಾರೆ. ಆ ಘಟನೆಯನ್ನು ಅವರು 'ಕಿಂಗ್ಯೊ ಸುಕುಯಿ' ಎಂದು ಕರೆಯುತ್ತಾರೆ. ಜಪಾನಿನ ಹಬ್ಬದ ಸಂತೆಗಳಲ್ಲಿ ಮಕ್ಕಳು ತೆಳುಕಾಗದದ ಸೌಟಿನಿಂದ ಮೀನು ಮೊಗೆಯುವ ಆಟಕ್ಕೂ ಇದೇ ಹೆಸರು; ಮೊಗೆಯುವುದಕ್ಕೂ ಕಾಪಾಡುವುದಕ್ಕೂ ಆ ಭಾಷೆಯಲ್ಲಿ ಉಚ್ಚಾರ ಒಂದೇ ಆದ್ದರಿಂದ, ಮೀನು ತನ್ನನ್ನು ಕಾಪಾಡಿತೆಂಬ ಅರ್ಥವನ್ನೂ ಅವರು ಅದರೊಳಗೆ ಇರಿಸಿದ್ದಾರೆ. ಕಲಾವಿದರ ಬದುಕಿನ ಇಂಥ ಕಥೆಗಳನ್ನು ನಾನು ಸಾಮಾನ್ಯವಾಗಿ ತುಸು ಅನುಮಾನದಿಂದಲೇ ಕೇಳುತ್ತೇನೆ. ಆದರೂ ಈ ಕಥೆಯಲ್ಲಿ ಒಂದು ವಿವರವನ್ನು ಬಿಡುವಂತಿಲ್ಲ: ಅವರು ನೋಡಿದ್ದು ಮೇಲಿನಿಂದ. ಗಾಜಿನ ಪಕ್ಕದಿಂದ ನೋಡಿದ್ದರೆ ಇಡೀ ತಂತ್ರವೇ ಹುಟ್ಟುತ್ತಿರಲಿಲ್ಲವೆಂದು ನನಗೆ ಅನ್ನಿಸುತ್ತದೆ.

ಪದರಗಳ ಪದ್ಧತಿಯನ್ನು ಅವರು ಕಂಡುಕೊಂಡದ್ದು 2002ರಲ್ಲಿ. ಅಕ್ಕಿ ಅಳೆಯಲು, ಸಾಕೆ ಎಂಬ ಮದ್ಯ ಕುಡಿಯಲು ಬಳಸುವ 'ಮಾಸು' ಎಂಬ ಚೌಕಾಕಾರದ ಚಿಕ್ಕ ಮರದ ಅಳತೆಪಾತ್ರೆಯೊಳಗೆ ಈಜುವ ಮೀನುಗಳು ಅವರ ಹೆಸರನ್ನು ದೂರದೂರಕ್ಕೆ ಕೊಂಡೊಯ್ದವು. 2011ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರದರ್ಶನದ ಹೊತ್ತಿಗೆ ಅವರು ಕೆಲಸ ಮಾಡುವ ವಿಡಿಯೊ ಅಂತರ್ಜಾಲದಲ್ಲಿ ಹರಡಿ, ಪದರದಿಂದ ಪದರಕ್ಕೆ ಮೀನು ಮೂಡುವುದನ್ನು ಲೋಕವೆಲ್ಲ ನೋಡಿತು. ಎದುರಿಗೆ ಮೀನನ್ನೋ ಫೋಟೊವನ್ನೋ ಇಟ್ಟುಕೊಂಡು ಅವರು ಬರೆಯುವುದಿಲ್ಲ. ನೋಡಿ ನೋಡಿ ಮನಸ್ಸಿನಲ್ಲಿ ಉಳಿದ ಮೀನು ಅಲ್ಲಿ ಮೂಡುತ್ತದೆ.

ಚಿನ್ನದ ಮೀನೇ ಏಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಆ ಮೀನಿನ ಚರಿತ್ರೆಯಲ್ಲಿದೆ. ಚೀನಾದಲ್ಲಿ ಮಾಸಲು ಬಣ್ಣದ ಒಂದು ಸಾಧಾರಣ ಕೆರೆಮೀನಿನಲ್ಲಿ ಆಗೀಗ ಹುಟ್ಟುತ್ತಿದ್ದ ಕೆಂಪು ಮರಿಗಳನ್ನು ಆರಿಸಿ, ಸಾವಿರ ವರ್ಷಗಳ ಕಾಲ ಆರಿಸುತ್ತಲೇ ಬಂದು ಮನುಷ್ಯ ಮಾಡಿದ ಮೀನು ಇದು. ಕಾಡಿನಲ್ಲಿ ಇಂಥದ್ದೊಂದು ಜೀವಿ ಇಲ್ಲ. ಅದು 1502ರಲ್ಲಿ ಈಗಿನ ಒಸಾಕದ ಬಳಿಯ ಸಕಾಯ್ ಬಂದರಿಗೆ ಬಂತೆಂದು ಜಪಾನಿನಲ್ಲಿ ಹೇಳುತ್ತಾರೆ. 1724ರಲ್ಲಿ ಯಾನಗಿಸಾವ ಎಂಬ ಸಾಮಂತ ಮನೆತನ ಕಾಯ್ ಪ್ರಾಂತ್ಯದಿಂದ ಯಾಮಾತೊ ಕೊರಿಯಾಮಕ್ಕೆ ವರ್ಗವಾದಾಗ ಜೊತೆಯಲ್ಲಿ ಮೀನುಗಳೂ ಬಂದವಂತೆ. ನಾರಾ ಸೀಮೆಯ ಆ ಊರು ಇಂದಿಗೂ ಚಿನ್ನದ ಮೀನಿನ ಸಾಕಣೆಗೆ ಹೆಸರಾಗಿದೆ. ಗಾಜಿನ ತೊಟ್ಟಿಗಳು ಮನೆಮನೆಗೆ ಬರುವ ಮುನ್ನ ಜನ ಅವನ್ನು ಮಣ್ಣಿನ, ಪಿಂಗಾಣಿಯ ದೊಡ್ಡ ಬಾನಿಗಳಲ್ಲಿ, ಮರದ ತೊಟ್ಟಿಗಳಲ್ಲಿ ಸಾಕುತ್ತಿದ್ದರು, ಹಾಗಾಗಿ ನೋಡುವುದೂ ಮೇಲಿನಿಂದಲೇ ಆಗಿತ್ತು. ತಳಿಗಾರರು ಕೂಡ ಮೇಲಿನಿಂದ ಚೆಂದ ಕಾಣುವ ಮರಿಯನ್ನೇ ಉಳಿಸಿಕೊಂಡರು. 'ರಾಂಚು' ಎಂಬ ತಳಿಗೆ ಬೆನ್ನಿನ ಈಜುರೆಕ್ಕೆಯೇ ಇಲ್ಲ. ಅದರ ಅಗಲವಾದ ಬೆನ್ನು, ತಲೆಯ ಗಂಟು, ಬಿಚ್ಚಿದ ಬಾಲ ಇವನ್ನೆಲ್ಲ ಇಂದಿಗೂ ಸ್ಪರ್ಧೆಗಳಲ್ಲಿ ಅಗಲ ಬಾಯಿಯ ಬೇಸಿನ್‌ನಲ್ಲಿ ಬಿಟ್ಟು ಮೇಲಿನಿಂದ ನೋಡಿಯೇ ಅಳೆಯುತ್ತಾರೆ. ತುಂಗೆಯ ಮೀನಿನ ಕಪ್ಪು ಬೆನ್ನು ಹದ್ದಿನ ಕಣ್ಣಿಗೆ ಬೀಳದಿರಲೆಂದು ಇರುವುದಾದರೆ, ಚಿನ್ನದ ಮೀನಿನ ಬೆನ್ನು ಕಣ್ಣಿಗೆ ಬೀಳಲೆಂದೇ ಮಾಡಿದ್ದು. ಮೇಲಿನಿಂದ ಮಾತ್ರ ಪೂರ್ತಿಯಾಗಿ ಕಾಣುವ ಚಿತ್ರಕ್ಕೆ, ಮೇಲಿನಿಂದ ನೋಡಲೆಂದೇ ಬೆಳೆಸಿದ ಜೀವಿಗಿಂತ ಒಪ್ಪುವ ವಿಷಯ ಬೇರೆ ಯಾವುದಿದೆ?

ಇನ್ನು ಕೆಲಸದ ಕ್ರಮ. ಪಾತ್ರೆಯ ತಳಕ್ಕೆ ಮೊದಲು ಬರಿಯ ರಾಳದ ಒಂದು ಪದರ ಸುರಿಯಬೇಕು, ಅದು ಮೀನಿನ ಕೆಳಗಿನ ನೀರು. ಅದು ಗಟ್ಟಿಯಾಗಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಆಮೇಲೆ ಅದರ ಮೇಲೆ ಅಕ್ರಿಲಿಕ್ ಬಣ್ಣದಿಂದ ಮೀನಿನ ಅತ್ಯಂತ ಕೆಳಗಿನ ಭಾಗಗಳನ್ನು ಮಾತ್ರ ಬರೆಯಬೇಕು: ಹೊಟ್ಟೆಯ ಕಡೆಯ ಈಜುರೆಕ್ಕೆಗಳು, ಬಾಲದ ಕೆಳಮಡಿಕೆ. ಮತ್ತೊಂದು ತೆಳು ಪದರ, ಅದು ಒಣಗಿದ ಮೇಲೆ ಮೈಯ ಕೆಳಭಾಗದ ಸುತ್ತಳತೆ. ಇನ್ನೊಂದು, ಅದರ ಮೇಲೆ ಪಕ್ಕೆಗಳು. ಇನ್ನೂ ಮೇಲೆ ಕಣ್ಣು, ಬೆನ್ನಿನ ಹುರುಪೆಗಳು. ಎಲ್ಲಕ್ಕಿಂತ ಮೇಲೆ, ಇರುವ ತಳಿಯಾದರೆ, ಬೆನ್ನಿನ ರೆಕ್ಕೆಯ ಅಂಚು. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ ಮೀನನ್ನು ಅಡ್ಡಡ್ಡಲಾಗಿ ಮನಸ್ಸಿನಲ್ಲೇ ಹೆಚ್ಚಿ, ಒಂದೊಂದು ಬಿಲ್ಲೆಯನ್ನು ಅದರದರ ಎತ್ತರದಲ್ಲಿ ಇಡುವ ಕೆಲಸವಿದು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಯಂತ್ರ ದೇಹವನ್ನು ಪದರಗಳಾಗಿ ಬಿಡಿಸಿ ಕೊಡುತ್ತದೆ, ಈ ಕಲಾವಿದ ಪದರಗಳನ್ನು ಸೇರಿಸಿ ದೇಹ ಮಾಡುತ್ತಾನೆ.

ಹೇಳುವಷ್ಟು ಸರಳವಾಗಿ ಇದು ಕೈಗೆ ಬರುವುದಿಲ್ಲ. ನಮಗೆ ಚಿತ್ರ ಬರೆಯಲು ಕಲಿಸಿದಾಗ ದುಂಡುತನವನ್ನು ಛಾಯೆಯಿಂದ ತೋರಿಸಲು ಕಲಿಸಿದರು: ಬೆಳಕಿನ ಕಡೆ ತಿಳಿ, ಮರೆಯ ಕಡೆ ಗಾಢ. ಪದರಗಳ ಚಿತ್ರದಲ್ಲಿ ಆ ಪಾಠವನ್ನು ಅರ್ಧ ಮರೆಯಬೇಕು. ದುಂಡುತನ ಎತ್ತರಗಳ ವ್ಯತ್ಯಾಸದಿಂದಲೇ ಬರುತ್ತಿರುವಾಗ ಮೇಲೆ ಮತ್ತೆ ಛಾಯೆ ಹಚ್ಚಿದರೆ ಮೀನು ಮರದಲ್ಲಿ ಕೆತ್ತಿದಂತೆ ಬಿಗಿದುಕೊಳ್ಳುತ್ತದೆ. ಮೊದಲ ಪ್ರಯತ್ನಗಳಲ್ಲಿ ಬಹಳ ಜನ ಎಡವುವುದು ಇಲ್ಲಿಯೇ, ನಾನೂ ಎಡವಿದ್ದೇನೆ. ಎರಡನೆಯ ತೊಡಕು ಅಂಚುಗಳದು. ನೇರ ಮೇಲಿನಿಂದ ನೋಡಿದಾಗ ಮೇಲಿನ ಪದರದ ಬಣ್ಣ ಕೆಳಗಿನದನ್ನು ಮುಚ್ಚಿಕೊಂಡು ಒಂದೇ ಮೈಯಂತೆ ಕಾಣುತ್ತದೆ. ತಲೆಯನ್ನು ತುಸು ವಾಲಿಸಿದರೆ ಎರಡು ಪದರಗಳ ನಡುವಿನ ಸಂದು ಬಾಯ್ಬಿಡುತ್ತದೆ. ಅದಕ್ಕಾಗಿ ಪ್ರತಿ ಬಿಲ್ಲೆಯನ್ನೂ ಅದರ ಮೇಲಿನ ಬಿಲ್ಲೆಯ ಅಡಿಗೆ ಸಾಕಷ್ಟು ಒಳಕ್ಕೆ ಚಾಚಿ, ಹೊರ ಅಂಚನ್ನು ಬಣ್ಣ ಕಡಿಮೆ ಮಾಡುತ್ತ ಕರಗಿಸಬೇಕು. ಬಾಲದಲ್ಲಿ ಈ ಕರಗಿಸುವಿಕೆಯೇ ಎಲ್ಲವೂ. ಒಂದೇ ಬಾಲವನ್ನು ಮೂರು ನಾಲ್ಕು ಎತ್ತರಗಳಲ್ಲಿ, ಗೆರೆಗಳಷ್ಟೇ ಉಳಿಯುವಂತೆ ತೆಳುವಾಗಿ ಬರೆದಾಗ ಅದು ತೆಳು ಸೆರಗಿನಂತೆ ನೀರಿನಲ್ಲಿ ತೂಗಾಡತೊಡಗುತ್ತದೆ. ಫುಕಾಹೊರಿಯವರ ಕುಂಚದ ನಿಜವಾದ ಪ್ರೌಢಿಮೆಯನ್ನು ನೋಡಬೇಕಾದರೆ ಹುರುಪೆಗಳನ್ನಲ್ಲ, ಬಾಲಗಳನ್ನು ನೋಡಬೇಕು.

ಈಗ ನೆರಳಿಗೆ ಬರೋಣ. ಸಾಮಾನ್ಯ ಚಿತ್ರದಲ್ಲಿ ನೆರಳು ಬರೆದದ್ದು. ಕಲಾವಿದ ಯಾವುದೋ ಒಂದು ದಿಕ್ಕಿನ ಬೆಳಕನ್ನು ಊಹಿಸಿಕೊಂಡು ನೆರಳನ್ನು ಬಣ್ಣದಲ್ಲಿ ಕಟ್ಟಿಹಾಕುತ್ತಾನೆ. ಚಿತ್ರವನ್ನು ಎಲ್ಲಿ ತೂಗುಹಾಕಿದರೂ ಆ ನೆರಳು ಕದಲುವುದಿಲ್ಲ. ರಾಳದ ಬಟ್ಟಲಿನಲ್ಲಿ ಬಣ್ಣ ಅಪಾರದರ್ಶಕ, ಅದರ ಕೆಳಗಿನ ರಾಳ ಪಾರದರ್ಶಕ, ಅದಕ್ಕೂ ಕೆಳಗೆ ಪಾತ್ರೆಯ ತಳ. ಆದ್ದರಿಂದ ಬಣ್ಣದ ಮೀನು ತನ್ನ ನಿಜವಾದ ನೆರಳನ್ನು ತಳದ ಮೇಲೆ ತಾನೇ ಬೀಳಿಸುತ್ತದೆ. ಅದನ್ನು ಯಾರೂ ಬರೆದಿಲ್ಲ. ದೀಪವನ್ನು ಸರಿಸಿದರೆ ನೆರಳು ಸರಿಯುತ್ತದೆ, ಕಿಟಕಿಯಾಚೆ ಮೋಡ ಕವಿದರೆ ಅದು ಮಸುಕಾಗುತ್ತದೆ. ಮನುಷ್ಯನ ದೃಷ್ಟಿಗೆ ನೆರಳು ಎಷ್ಟು ದೊಡ್ಡ ಸಾಕ್ಷಿ ಎಂಬುದನ್ನು ದೃಷ್ಟಿವಿಜ್ಞಾನಿ ಡೇನಿಯಲ್ ಕರ್‌ಸ್ಟನ್ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ತೋರಿಸಿಕೊಟ್ಟಿತು. ಕಂಪ್ಯೂಟರ್ ಪರದೆಯ ಮೇಲೆ ಪೆಟ್ಟಿಗೆಯೊಂದರೊಳಗೆ ಒಂದು ಚೆಂಡು ಚಲಿಸುತ್ತದೆ. ಚೆಂಡಿನ ದಾರಿಯನ್ನು ಕಿಂಚಿತ್ತೂ ಬದಲಿಸದೆ ಅದರ ನೆರಳಿನ ದಾರಿಯನ್ನು ಮಾತ್ರ ಬದಲಿಸಿದರೆ, ನೆಲದ ಮೇಲೆ ಹಿಂದಕ್ಕೆ ಉರುಳುತ್ತಿದ್ದ ಚೆಂಡು ಗಾಳಿಯಲ್ಲಿ ಮೇಲೇರಿದಂತೆ ನೋಡುವವರಿಗೆ ಕಾಣುತ್ತದೆ. ವಸ್ತು ಎಲ್ಲಿದೆ ಎಂಬುದನ್ನು ಕಣ್ಣು ವಸ್ತುವಿನಿಂದ ತಿಳಿಯುವಷ್ಟೇ ಅದರ ನೆರಳಿನಿಂದಲೂ ತಿಳಿಯುತ್ತದೆ. ಬಟ್ಟಲೊಳಗಿನ ಮೀನು ತೇಲುತ್ತಿದೆ ಎಂದು ನಂಬಿಸುವುದು ಅದರ ಮತ್ತು ಅದರ ನೆರಳಿನ ನಡುವಿನ ಬೆರಳಗಲದ ಅಂತರ. ಇದನ್ನು ಒಪ್ಪಿದರೆ ಕೆಲಸದ ಮಟ್ಟಿಗೆ ಒಂದು ತೀರ್ಮಾನ ತಾನಾಗಿ ಹೊರಡುತ್ತದೆ: ಮೊದಲು ಸುರಿಯುವ ಖಾಲಿ ಪದರದಲ್ಲಿ ಜಿಪುಣತನ ಮಾಡಬಾರದು. ರಾಳ ದುಬಾರಿಯೆಂದು ತಳದ ಪದರವನ್ನು ತೆಳುವಾಗಿಸಿದ ಕೆಲಸಗಳಲ್ಲಿ ನೆರಳು ಮೈಗೇ ಅಂಟಿಕೊಂಡು, ಮೀನು ನೆಲದ ಮೇಲೆ ಒಣಗಲು ಹಾಕಿದಂತೆ ಕಾಣುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ. ಬಟ್ಟಲಿನ ತಳ ಕಪ್ಪಗಿದ್ದರೂ ನೆರಳು ಕಾಣದೆ ಹೋಗುತ್ತದೆ. ತಿಳಿಬಣ್ಣದ ಮರ, ಬಿಳಿ ಪಿಂಗಾಣಿ, ಹಳೆಯ ಎನಾಮಲ್ ತಟ್ಟೆ ಇವು ಒಳ್ಳೆಯ ತಳಗಳು.

ಆಳದ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದನ್ನು ಹೇಳುವ ಅಂಕಿ ವಕ್ರೀಭವನಾಂಕ. ನೀರಿನದು ಸುಮಾರು 1.33, ಈ ಕಲೆಯಲ್ಲಿ ಬಳಸುವ ಎಪಾಕ್ಸಿ ಎಂಬ ಕೃತಕ ರಾಳದ್ದು ಸುಮಾರು 1.5. ನೇರ ಮೇಲಿನಿಂದ ನೋಡಿದಾಗ 6 ಸೆಂಟಿಮೀಟರ್ ಆಳದ ನೀರು 4.5 ಸೆಂಟಿಮೀಟರಿನಂತೆ ಕಂಡರೆ, ಅಷ್ಟೇ ಆಳದ ರಾಳ 4 ಸೆಂಟಿಮೀಟರಿನಂತೆ ಕಾಣುತ್ತದೆ. ಅಂದರೆ ರಾಳದೊಳಗಿನ ಮೀನು ಮೂರರಲ್ಲಿ ಒಂದು ಪಾಲು ಚಪ್ಪಟೆಯಾಗಿ ತೋರುತ್ತದೆ. ಅನುಭವಿ ಕೈಗಳು ಇದನ್ನು ಲೆಕ್ಕ ಹಾಕದೆಯೇ ಪದರಗಳನ್ನು ತುಸು ದೂರ ದೂರ ಇಟ್ಟು ಸರಿದೂಗಿಸುತ್ತವೆ. ಇದೇ ಗುಣದಿಂದ ಒಂದು ಲಾಭವೂ ಇದೆ. ಪ್ರತಿ ಪದರಕ್ಕೂ ಮೊದಲು ಹಿಂದಿನ ಪದರದ ಬರಿಯ ಜಾಗವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ಅದು ಮಂಜು ಕವಿದ ಗಾಜಿನಂತಾಗಿ ಎದೆ ಧಸಕ್ಕೆನ್ನುತ್ತದೆ. ಆದರೆ ಮೇಲೆ ಹೊಸ ರಾಳ ಬಿದ್ದೊಡನೆ ಅದು ಗೀರುಗಳನ್ನು ತುಂಬಿಕೊಂಡು, ಎರಡರ ವಕ್ರೀಭವನಾಂಕವೂ ಒಂದೇ ಆದ್ದರಿಂದ, ಗೀರುಗಳು ಕಣ್ಣೆದುರೇ ಮಾಯವಾಗುತ್ತವೆ. ಗಾಳಿಗುಳ್ಳೆಗೂ ಧೂಳಿಗೂ ಆ ಭಾಗ್ಯವಿಲ್ಲ, ಅವು ಉಳಿದೇ ಉಳಿಯುತ್ತವೆ.

ಪಕ್ಕದಿಂದ ನೋಡಿದರೆ ಏನಾಗುತ್ತದೆ? ಪಾರದರ್ಶಕ ಅಚ್ಚಿನಲ್ಲಿ ಮಾಡಿದ ಕೆಲಸವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಮೀನು ಇಲ್ಲವಾಗುತ್ತದೆ. ಒಂದರ ಮೇಲೊಂದು ನಿಂತ ಕೆಲವು ತೆಳು ಗೆರೆಗಳಷ್ಟೇ ಉಳಿಯುತ್ತವೆ. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ, ನಾನು ಹಾಗೆ ಎಣಿಸುವುದಿಲ್ಲ. ಫುಕಾಹೊರಿ ತಮ್ಮ ಕೆಲಸವನ್ನು ಎರಡೂವರೆ ಆಯಾಮದ ಚಿತ್ರವೆಂದು ಕರೆಯುತ್ತಾರೆ, ಆ ಅರ್ಧ ಆಯಾಮದ ಲೆಕ್ಕ ಸರಿಯಾಗಿಯೇ ಇದೆ. ಮರದ ಮಾಸು, ಹಳೆಯ ತೊಟ್ಟಿ, ಮೇಜಿನ ಸೆಳೆಖಾನೆ ಇಂಥ ಗೋಡೆಯುಳ್ಳ ಪಾತ್ರೆಗಳನ್ನು ಅವರು ಆರಿಸಿಕೊಳ್ಳುವುದೂ, ನೋಡುವವನು ಎಲ್ಲಿ ನಿಲ್ಲಬೇಕೆಂಬುದನ್ನು ಪಾತ್ರೆಯಿಂದಲೇ ಹೇಳಿಸುವ ಜಾಣತನ.

ವಸ್ತುವಿನ ಬಗ್ಗೆ ಸ್ವಲ್ಪ. ರಾಳ ಎಂದೊಡನೆ ನಮಗೆ ಪಶ್ಚಿಮ ಘಟ್ಟದ ಧೂಪದ ಮರವೋ ಸಾಂಬ್ರಾಣಿಯೋ ನೆನಪಾಗಬಹುದು, ಆದರೆ ಇಲ್ಲಿ ಬಳಸುವ ಎಪಾಕ್ಸಿ ಮರದಿಂದ ಒಸರಿದ್ದಲ್ಲ, ಕಾರ್ಖಾನೆಯದು. ಮನೆಯಲ್ಲಿ ಮುರಿದ ಕಪ್ಪಿನ ಹಿಡಿ ಅಂಟಿಸಲು ಎರಡು ಟ್ಯೂಬುಗಳಿಂದ ಹಿಂಡಿ ಕಲಸುವ ಅರಾಲ್ಡೈಟ್ ಇದರ ಹತ್ತಿರದ ನೆಂಟ. ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಅದನ್ನು 1946ರಲ್ಲಿ ಲೋಕಕ್ಕೆ ತೋರಿಸಿತು. ರಾಳ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಎಂಬ ಎರಡು ದ್ರವಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲೇ, ಹೆಚ್ಚಾಗಿ ಎರಡಕ್ಕೆ ಒಂದು ಅಥವಾ ಒಂದಕ್ಕೆ ಒಂದು, ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡ್ನರ್ ಹೆಚ್ಚು ಹಾಕಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಬೆರೆಯುವಾಗ ಶಾಖ ಹುಟ್ಟುತ್ತದೆ. ತೆಳು ಪದರದಲ್ಲಿ ಅದು ಹರಡಿಹೋಗುತ್ತದೆ. ದಪ್ಪ ಸುರಿದರೆ ಒಳಗೇ ಕೂಡಿಕೊಂಡು, ಶಾಖ ಕ್ರಿಯೆಯನ್ನೂ ಕ್ರಿಯೆ ಶಾಖವನ್ನೂ ಹೆಚ್ಚಿಸುತ್ತ, ಬಿರುಕು ಬಿಟ್ಟು ಹೊಗೆಯಾಡುವುದೂ ಉಂಟು. ಪದರ ಪದರವಾಗಿ ಕೆಲಸ ಮಾಡುವುದು ಕಲೆಯ ಹಟ ಮಾತ್ರವಲ್ಲ, ರಸಾಯನದ ಒತ್ತಾಯವೂ ಹೌದು.

ಕರಾವಳಿಯ ಮಳೆಗಾಲಕ್ಕೂ ಈ ವಸ್ತುವಿಗೂ ಆಗಿಬರುವುದಿಲ್ಲ. ಗದ್ದೆಯ ತೋಡಿನಲ್ಲಿ ಮೇಲಿನಿಂದ ಕಂಡ ಕೊರವ ಮೀನನ್ನು ಒಂದು ಎನಾಮಲ್ ತಟ್ಟೆಯಲ್ಲಿ ಕಟ್ಟಲು ನಾನು ಒಂದು ಜುಲೈ ತಿಂಗಳಲ್ಲಿ ಹೊರಟೆ. ಗಾಳಿಯ ತೇವ ಹಾರ್ಡ್ನರಿನಲ್ಲಿರುವ ಅಮೀನ್ ಎಂಬ ರಾಸಾಯನಿಕಗಳೊಂದಿಗೆ ಸೇರಿ ಮೇಲ್ಮೈಯಲ್ಲಿ ಜಿಡ್ಡಿನಂಥ ಬಿಳಿಪೊರೆ ಕಟ್ಟುತ್ತದೆ ಎಂಬುದನ್ನು ಓದಿದ್ದೆನಾದರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ನಾಲ್ಕನೆಯ ಪದರ ಹಾಲುಹಾಲಾಗಿ, ಮೂರು ವಾರ ಕೂತು ಬರೆದ ಕೊರವ ಗಂಜಿಯಲ್ಲಿ ಮುಳುಗಿದಂತಾಯಿತು. ಪ್ರತಿ ಪದರ ಗಟ್ಟಿಯಾದ ಮೇಲೆ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಿಸಿ ಮುಂದುವರಿದಿದ್ದರೆ ಅದು ತಪ್ಪುತ್ತಿತ್ತು. ಈಗ ನಾನು ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆಯೇ ತೆಗೆದುಕೊಳ್ಳುತ್ತೇನೆ. ಇನ್ನೊಂದು ಎಚ್ಚರಿಕೆಯನ್ನು ವಿದ್ಯಾರ್ಥಿಗಳು ಹಗುರವಾಗಿ ತೆಗೆದುಕೊಳ್ಳಬಾರದು: ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಕೆಲವರಲ್ಲಿ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಅದು ಬಿಟ್ಟುಹೋಗುವುದಿಲ್ಲ. ನೈಟ್ರೈಲ್ ಕೈಗವಸು, ತೆರೆದ ಕಿಟಕಿ, ಉಜ್ಜುವಾಗ ಮುಖಗವಸು ಇಲ್ಲದೆ ಇದಕ್ಕೆ ಕೈಹಾಕಬೇಡಿ.

ಫುಕಾಹೊರಿಯವರ ಕೆಲಸ ನೋಡಿ ಪ್ರೇರಣೆ ಪಡೆದವರಲ್ಲಿ ಸಿಂಗಪುರದ ಕೆಂಗ್ ಲೈ ಮುಖ್ಯರು. 2012ರಲ್ಲಿ ಅವರು ಇದನ್ನು ಆರಂಭಿಸಿ, ಚಿನ್ನದ ಮೀನಿನಿಂದ ಆಕ್ಟೋಪಸ್, ಆಮೆ, ಸೀಗಡಿಗಳತ್ತ ಹೋದರು. ಅವರ ಆಕ್ಟೋಪಸ್ಸಿನ ದುಂಡು ಮೈ ಒಂದು ಬೆಣಚುಕಲ್ಲು. ಆಮೆಯ ಬೆನ್ನು ಮೊಟ್ಟೆಯ ಚಿಪ್ಪು. ಕಲ್ಲು ಚಿಪ್ಪುಗಳ ಸುತ್ತ ಪದರಗಳನ್ನು ಬರೆದು, ಪ್ರಾಣಿಯ ಒಂದು ಭಾಗ ನೀರಿನಿಂದ ಮೇಲೆದ್ದಂತೆ ಅವರು ತೋರಿಸಿದರು. ಇದರ ಕೌಶಲ ದೊಡ್ಡದು, ನೋಡಿದವರು ಬೆರಗಾಗುವುದೂ ಸಹಜ. ಆದರೂ ನನ್ನ ಒಲವು ಚಪ್ಪಟೆ ಪದರಗಳ ಕಡೆಗೇ. ಮೈ ನೀರಿನ ಮೇಲ್ಮೈಯನ್ನು ಒಡೆದು ಹೊರಬಂದಾಗ ಅದು ಶಿಲ್ಪವಾಗುತ್ತದೆ, ಬರಿಯ ಬಣ್ಣ ಮೈಯಾಗುವ ಮೋಡಿ ಅಲ್ಲಿಗೆ ನಿಲ್ಲುತ್ತದೆ. ಆಕ್ಟೋಪಸ್ಸಿನ ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪುತ್ತೇನೆ. ಮೂಳೆಯಿಲ್ಲದ ಆ ಚೀಲದಂಥ ತಲೆಯನ್ನು ಬಿಲ್ಲೆಗಳಲ್ಲಿ ಕಟ್ಟಲು ನಾನು ಎರಡು ಸಲ ಹೆಣಗಿ ಬಿಟ್ಟುಬಿಟ್ಟಿದ್ದೇನೆ.

ಬಾಳಿಕೆಯ ಪ್ರಶ್ನೆ ಉಳಿದಿದೆ. ಎಪಾಕ್ಸಿ ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಯಾಗುತ್ತದೆ. ಅದಕ್ಕೆ ಸೇರಿಸುವ ರಕ್ಷಕಗಳು ಹಳದಿಯಾಗುವುದನ್ನು ಮುಂದೂಡುತ್ತವೆ, ತಡೆಯುವುದಿಲ್ಲ. ಎಣ್ಣೆಚಿತ್ರದ ಹಳೆಯ ವಾರ್ನಿಶ್ ಹಳದಿಯಾದರೆ ಸಂರಕ್ಷಕರು ಅದನ್ನು ಕರಗಿಸಿ ತೆಗೆದು ಹೊಸದು ಹಚ್ಚುತ್ತಾರೆ. ಇಲ್ಲಿ ಹಾಗೆ ಮಾಡುವಂತಿಲ್ಲ, ಯಾಕೆಂದರೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ, ಕರಗಿಸಿದರೂ ಜೊತೆಯಲ್ಲಿ ಮೀನು ಹೋಗುತ್ತದೆ. ನೀರು ನಿಧಾನವಾಗಿ ಚಹದ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಕೂರಬೇಕು, ಇಲ್ಲವೆ ನೇರ ಬಿಸಿಲಿನಿಂದ ದೂರವಿಡಬೇಕು.

ಉಪನ್ಯಾಸ ಮುಗಿದ ಮೇಲೆ ಒಬ್ಬರು, ಇಂಥ ತಟ್ಟೆಯನ್ನು ಚೌಕಟ್ಟು ಕಟ್ಟಿ ಗೋಡೆಗೆ ತೂಗುಹಾಕಬಹುದೇ ಎಂದು ಕೇಳಿದರು. ತೂಗುಹಾಕಲು ಅಡ್ಡಿಯೇನಿಲ್ಲ ಎಂದೆ. ಆದರೆ ಚಾವಣಿಯ ದೀಪದ ಬೆಳಕು ಆಗ ಮೀನಿನ ಬೆನ್ನಿನ ಮೇಲೆ ನೇರವಾಗಿ ಬೀಳುವ ಬದಲು ಪಕ್ಕೆಯಿಂದ ಹಾಯುತ್ತದೆ, ನೆರಳು ಮೈಯಡಿಯಿಂದ ಹೊರಗೆ ಉದ್ದಕ್ಕೆ ಜಾರಿ ತಟ್ಟೆಯ ಅಂಚಿಗೆ ಸರಿಯುತ್ತದೆ, ಮೀನು ಗೋಡೆ ಹತ್ತುತ್ತಿರುವ ಹಲ್ಲಿಯಂತೆ ಕಾಣುತ್ತದೆ. ಬಾಗಿಲ ಬಳಿಯ ಮೇಜಿನ ಮೇಲೆ ನಾನು ತಂದಿಟ್ಟಿದ್ದ ತಟ್ಟೆಯನ್ನು ಒಮ್ಮೆ ಎತ್ತಿ ಗೋಡೆಗೆ ಒರಗಿಸಿ ತೋರಿಸಿ, ಮತ್ತೆ ಮೇಜಿನ ಮೇಲೆ ಮಲಗಿಸಿದೆವು.